ಸ್ಟಾಕ್ ಛಾಯಾಚಿತ್ರಗಳ ಆನ್‌ಲೈನ್ ಮಾರಾಟ

ಯಾರೂ ಹೇಳದೆ, ಯಾರಿಗೆಂದೂ ಗೊತ್ತಿಲ್ಲದೆ ತೆಗೆದಿಟ್ಟ ಚಿತ್ರಗಳನ್ನು ಅಂತರ್ಜಾಲದ ಮೂಲಕ ಪರರ ಬಳಕೆಗೆ ಕೊಟ್ಟು ಹಣ ಪಡೆಯುವ ವ್ಯವಹಾರ. ಮದುವೆಗೋ ಕಂಪನಿಗೋ ಒಪ್ಪಿಕೊಂಡು ತೆಗೆಯುವ ಫೋಟೊಗಳಿಗೆ ಗಿರಾಕಿ ಮೊದಲೇ ನಿಶ್ಚಯವಾಗಿರುತ್ತಾನೆ. ಸ್ಟಾಕ್ ಚಿತ್ರ ಹಾಗಲ್ಲ. ಚಿತ್ರ ಮೊದಲು ಕಪಾಟು ಸೇರುತ್ತದೆ. ಗಿರಾಕಿ ನಾಳೆ ಬರಬಹುದು, ಹತ್ತು ವರ್ಷ ಕಳೆದು ಬರಬಹುದು, ಬಾರದೆಯೂ ಇರಬಹುದು. ಜಾಹೀರಾತು ಸಂಸ್ಥೆಗಳು, ಪಠ್ಯಪುಸ್ತಕದ ಪ್ರಕಾಶಕರು, ಪತ್ರಿಕೆಗಳು, ಜಾಲತಾಣ ಕಟ್ಟುವವರು ಇದರ ಮುಖ್ಯ ಗಿರಾಕಿಗಳು. ಅವರು ಕೊಳ್ಳುವುದು ಚಿತ್ರವನ್ನು ಬಳಸುವ ಅನುಮತಿಯನ್ನು. ಚಿತ್ರದ ಒಡೆತನ ಛಾಯಾಗ್ರಾಹಕನಲ್ಲೇ ಉಳಿಯುತ್ತದೆ. ಒಂದೇ ಚಿತ್ರ ನೂರು ಸಲ ಮಾರಾಟವಾಗುವುದು ಇದರಿಂದಲೇ. ಈ ಕ್ಷೇತ್ರದ ಜಗಳಗಳಲ್ಲಿ ಬಹುಪಾಲು ಹುಟ್ಟುವುದೂ ಇಲ್ಲಿಂದಲೇ.

ಹಿನ್ನೆಲೆ

ವ್ಯವಹಾರ ಅಂತರ್ಜಾಲಕ್ಕಿಂತ ಬಹಳ ಹಳೆಯದು. ಎಚ್. ಆರ್ಮ್‌ಸ್ಟ್ರಾಂಗ್ ರಾಬರ್ಟ್ಸ್ 1920ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ತೆರೆದ ಸಂಸ್ಥೆಯನ್ನು ಮೊದಮೊದಲ ಸ್ಟಾಕ್ ಏಜೆನ್ಸಿಗಳಲ್ಲಿ ಎಣಿಸುತ್ತಾರೆ. ಬರ್ಲಿನ್ನಿನ ಗ್ರಂಥಾಲಯವೊಂದರಲ್ಲಿ ಕೆಲಸಕ್ಕಿದ್ದ ಆಟೊ ಬೆಟ್‌ಮನ್ ಎಂಬ ಯಹೂದಿ ವಿದ್ವಾಂಸ 1935ರಲ್ಲಿ ನಾಜಿ ಜರ್ಮನಿಯನ್ನು ಬಿಟ್ಟು ಹೊರಟಾಗ ಅವನ ಪೆಟ್ಟಿಗೆಗಳ ತುಂಬ ಇದ್ದುದು ಚಿತ್ರಗಳು. ಮರುವರ್ಷ ನ್ಯೂಯಾರ್ಕಿನಲ್ಲಿ ಅವನು ಆರಂಭಿಸಿದ ಬೆಟ್‌ಮನ್ ಆರ್ಕೈವ್ ಮುಂದೆ ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ಚಿತ್ರಭಂಡಾರಗಳಲ್ಲಿ ಒಂದಾಯಿತು. 1947ರಲ್ಲಿ ರಾಬರ್ಟ್ ಕಾಪಾ, ಆನ್ರಿ ಕಾರ್ಟಿಯೆ-ಬ್ರೆಸನ್, ಜಾರ್ಜ್ ರಾಜರ್, ಡೇವಿಡ್ ಸೀಮರ್ ಮೊದಲಾದವರು ಸೇರಿ ಕಟ್ಟಿದ ಮ್ಯಾಗ್ನಮ್ ಸಹಕಾರಿ ಸಂಸ್ಥೆ, ಪತ್ರಿಕೆ ಹಣ ಕೊಟ್ಟರೂ ಹಕ್ಕು ಛಾಯಾಗ್ರಾಹಕನದೇ ಎಂಬ ನಿಲುವನ್ನು ಹಿಡಿಯಿತು.

ಆ ಕಾಲದ ಏಜೆನ್ಸಿಗಳಲ್ಲಿ ಸ್ಲೈಡುಗಳು ಕಪಾಟುಗಳಲ್ಲಿ ವಿಷಯವಾರು ಕೂತಿರುತ್ತಿದ್ದವು. ಗಿರಾಕಿ ಫೋನು ಮಾಡಿ ಬೇಕಾದ್ದನ್ನು ಹೇಳಿದರೆ ಸಿಬ್ಬಂದಿ ಹುಡುಕಿ ಅಂಚೆಯಲ್ಲಿ ಕಳಿಸುತ್ತಿದ್ದರು. ಬಂದ ಹಣವನ್ನು ಏಜೆನ್ಸಿಯೂ ಛಾಯಾಗ್ರಾಹಕನೂ ಅರ್ಧರ್ಧ ಹಂಚಿಕೊಳ್ಳುವುದು ವಾಡಿಕೆ. ಒಂದೊಂದು ಚಿತ್ರ ನೂರಾರು ಡಾಲರ್ ತರುತ್ತಿತ್ತು, ಏಕೆಂದರೆ ಕಪಾಟಿನ ಒಳಕ್ಕೆ ಬರುವುದೇ ಕಷ್ಟವಾಗಿತ್ತು.

ಈ ಕಪಾಟನ್ನು ಒಡೆದವರು ಇಬ್ಬರು ಶ್ರೀಮಂತರು. ಬಿಲ್ ಗೇಟ್ಸ್ 1989ರಲ್ಲಿ ಸ್ಥಾಪಿಸಿದ ಕಂಪನಿ ಮುಂದೆ ಕಾರ್ಬಿಸ್ ಎಂದು ಹೆಸರಾಯಿತು. ಮನೆಮನೆಯ ಗೋಡೆಯ ಮೇಲೆ ಪರದೆಗಳು ಬರುತ್ತವೆ, ಅವುಗಳಿಗೆ ಚಿತ್ರಗಳು ಬೇಕಾಗುತ್ತವೆ ಎಂಬುದು ಅವರ ಲೆಕ್ಕ. 1995ರಲ್ಲಿ ಕಾರ್ಬಿಸ್ ಬೆಟ್‌ಮನ್ ಭಂಡಾರವನ್ನೇ ಕೊಂಡಿತು. ಕೊಳೆಯುತ್ತಿದ್ದ ಫಿಲ್ಮುಗಳನ್ನು ಪೆನ್ಸಿಲ್ವೇನಿಯಾದ ಹಳೆಯ ಸುಣ್ಣಕಲ್ಲಿನ ಗಣಿಯೊಂದಕ್ಕೆ ಸಾಗಿಸಿ, ನೆಲದಡಿಯ ಶೀತಲ ಕೋಣೆಗಳಲ್ಲಿ ಇರಿಸಲಾಯಿತು. ಅದೇ 1995ರಲ್ಲಿ, ತೈಲೋದ್ಯಮಿ ಜೆ. ಪಾಲ್ ಗೆಟ್ಟಿಯ ಮೊಮ್ಮಗ ಮಾರ್ಕ್ ಗೆಟ್ಟಿ, ಜೊನಾಥನ್ ಕ್ಲೈನ್ ಜೊತೆ ಸೇರಿ ಲಂಡನ್ನಿನಲ್ಲಿ ಆರಂಭಿಸಿದ ಕಂಪನಿ ಇಂದಿನ ಗೆಟ್ಟಿ ಇಮೇಜಸ್. ಇಬ್ಬರೂ ಸಣ್ಣ ಏಜೆನ್ಸಿಗಳನ್ನು ಒಂದೊಂದಾಗಿ ಕೊಳ್ಳುತ್ತ ಹೋದರು. 2016ರಲ್ಲಿ ಕಾರ್ಬಿಸ್ಸಿನ ಚಿತ್ರಗಳು ವಿಷುವಲ್ ಚೈನಾ ಗ್ರೂಪ್ ಪಾಲಾದವು. ಚೀನಾದ ಹೊರಗೆ ಅವುಗಳನ್ನು ಮಾರುವ ಹಕ್ಕು ಗೆಟ್ಟಿಗೆ ಬಂತು.

ಹಳೆಯ ಪದ್ಧತಿಯ ಕೊನೆಯ ದೊಡ್ಡ ಮಾರಾಟವೆಂದು ಹೇಳಬಹುದಾದ ಚಿತ್ರವನ್ನು ಕಂಪ್ಯೂಟರ್ ಮುಟ್ಟಿದ ಬಹುತೇಕ ಕನ್ನಡಿಗರು ನೋಡಿದ್ದಾರೆ. ಹಸಿರು ಗುಡ್ಡ, ನೀಲಿ ಆಕಾಶ, ಬಿಳಿ ಮೋಡ: ವಿಂಡೋಸ್ ಎಕ್ಸ್‌ಪಿಯ ಪರದೆ ಚಿತ್ರ 'ಬ್ಲಿಸ್'. 1996ರಲ್ಲಿ ಚಾರ್ಲ್ಸ್ ಓರಿಯರ್ ಕ್ಯಾಲಿಫೋರ್ನಿಯಾದ ಸೊನೊಮಾ ಪ್ರದೇಶದಲ್ಲಿ ಕಾರು ನಿಲ್ಲಿಸಿ ಮಾಮಿಯಾ ಕ್ಯಾಮೆರಾದಲ್ಲಿ, ಫಿಲ್ಮಿನ ಮೇಲೆ ತೆಗೆದದ್ದು ಅದು. ದ್ರಾಕ್ಷಿ ಬಳ್ಳಿಗಳಿಗೆ ಕೀಟದ ರೋಗ ಬಂದು ಕಿತ್ತುಹಾಕಿದ್ದರಿಂದ ಗುಡ್ಡದ ಮೇಲೆ ಆ ವರ್ಷ ಬರೀ ಹುಲ್ಲಿತ್ತು. ಚಿತ್ರ ಏಜೆನ್ಸಿಯ ಕಪಾಟಿನಲ್ಲಿ ವರ್ಷಗಟ್ಟಲೆ ಕೂತಿತ್ತು. 2000ದಲ್ಲಿ ಮೈಕ್ರೋಸಾಫ್ಟ್ ಅದರ ಪೂರ್ಣ ಹಕ್ಕನ್ನೇ ಕೊಂಡಿತು. ಮೊತ್ತ ಗುಟ್ಟು, ಮೂಲ ಫಿಲ್ಮಿಗೆ ಅಷ್ಟು ದೊಡ್ಡ ವಿಮೆ ಕೊಡಲು ಕೊರಿಯರ್ ಕಂಪನಿಗಳು ಒಪ್ಪದೆ ತಾವೇ ವಿಮಾನದಲ್ಲಿ ಒಯ್ದು ಕೊಟ್ಟುದಾಗಿ ಓರಿಯರ್ ಹೇಳಿಕೊಂಡಿದ್ದಾರೆ.

ಮೈಕ್ರೋಸ್ಟಾಕ್

ಓರಿಯರ್ ಹಕ್ಕು ಮಾರಿದ 2000ದಲ್ಲೇ, ಕೆನಡಾದ ಕ್ಯಾಲ್ಗರಿಯಲ್ಲಿ ಬ್ರೂಸ್ ಲಿವಿಂಗ್‌ಸ್ಟನ್ ಐಸ್ಟಾಕ್‌ಫೋಟೊ ಎಂಬ ಜಾಲತಾಣ ತೆರೆದರು. ಮೊದಲು ಅದು ವಿನ್ಯಾಸಕಾರರು ತಮ್ಮ ತಮ್ಮ ಚಿತ್ರಗಳನ್ನು ಪುಕ್ಕಟೆಯಾಗಿ ಅದಲುಬದಲು ಮಾಡಿಕೊಳ್ಳುವ ಜಾಗ. ಸರ್ವರಿನ ಖರ್ಚು ಏರಿದಂತೆ ಒಂದೊಂದು ಚಿತ್ರಕ್ಕೆ ಕೆಲವು ಸೆಂಟ್ ಪಡೆಯತೊಡಗಿದರು. ಡಿಜಿಟಲ್ ಕ್ಯಾಮೆರಾ ಅಗ್ಗವಾಗುತ್ತಿದ್ದ ಹೊತ್ತು ಅದು. ಹವ್ಯಾಸಿಗಳು ಗುಂಪುಗುಂಪಾಗಿ ಬಂದರು. ನೂರಾರು ಡಾಲರಿಗೆ ಸಿಗುತ್ತಿದ್ದ ಬಗೆಯ ಚಿತ್ರ ಒಂದೆರಡು ಡಾಲರಿಗೆ ಸಿಗತೊಡಗಿತು. ಈ ಅಗ್ಗದ ಮಾರಾಟಕ್ಕೇ ಮೈಕ್ರೋಸ್ಟಾಕ್ ಎಂಬ ಹೆಸರು. ವೃತ್ತಿಪರರು ಮೊದಲು ಮೂಗು ಮುರಿದರು, ಆಮೇಲೆ ಗಾಬರಿಯಾದರು. ಗೆಟ್ಟಿ 2006ರಲ್ಲಿ 5 ಕೋಟಿ ಡಾಲರ್ ಕೊಟ್ಟು ಐಸ್ಟಾಕ್ಕನ್ನೇ ಕೊಂಡಿತು.

2003ರಲ್ಲಿ ಜಾನ್ ಒರಿಂಗರ್ ತಾವೇ ತೆಗೆದ 30,000 ಚಿತ್ರಗಳನ್ನಿಟ್ಟು ನ್ಯೂಯಾರ್ಕಿನಲ್ಲಿ ಶಟರ್‌ಸ್ಟಾಕ್ ಶುರುಮಾಡಿದರು. ಅವರು ತಂದ ಹೊಸತು ಮಾಸಿಕ ಚಂದಾ. ಗಿರಾಕಿ ತಿಂಗಳಿಗೆ ಇಷ್ಟೆಂದು ಕಟ್ಟಿ ಹಲವಾರು ಚಿತ್ರ ಇಳಿಸಿಕೊಳ್ಳುತ್ತಾನೆ. ಒಂದೊಂದು ಇಳಿಕೆಗೆ ಛಾಯಾಗ್ರಾಹಕನಿಗೆ ಬಹುಕಾಲ ಸಿಗುತ್ತಿದ್ದುದು 25ರಿಂದ 38 ಸೆಂಟ್. ಕಂಪನಿ 2012ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಬಂತು. 2005ರಲ್ಲಿ ಆರಂಭವಾದ ಫೊಟೋಲಿಯಾ ಇದೇ ಹಾದಿ ಹಿಡಿಯಿತು. ಅಡೋಬಿ ಅದನ್ನು ಕೊಳ್ಳುವುದಾಗಿ 2014ರ ಕೊನೆಯಲ್ಲಿ ಘೋಷಿಸಿ, 80 ಕೋಟಿ ಡಾಲರ್ ತೆತ್ತು, ಮರುವರ್ಷ ಅಡೋಬಿ ಸ್ಟಾಕ್ ಮಾಡಿತು. ಫೋಟೊಶಾಪ್ ಬಳಸುವವನಿಗೆ ಪರದೆ ಬಿಟ್ಟೇಳದೆ ಚಿತ್ರ ಸಿಗುವುದು ಅದರ ಬಲ. ಇಂಗ್ಲೆಂಡಿನ ಅಲಮಿ (1999) ಮಾತ್ರ ಆಯ್ಕೆಯಲ್ಲಿ ಉದಾರವಾಗಿ, ಬೆಲೆಯಲ್ಲಿ ಬಿಗಿಯಾಗಿ, ಪಾಲು ಹಂಚಿಕೆಯಲ್ಲಿ ಉಳಿದವರಿಗಿಂತ ಧಾರಾಳವಾಗಿ ನಡೆದುಕೊಂಡಿತು. ಸುದ್ದಿ, ಊರು, ಇತಿಹಾಸದ ಚಿತ್ರಗಳಿಗೆ ಇಂದಿಗೂ ಅಲ್ಲಿ ಗಿರಾಕಿ ಹೆಚ್ಚು.

ಪಾಲಿನ ವಿಷಯದಲ್ಲಿ ಛಾಯಾಗ್ರಾಹಕರು ಹಲವು ಸಲ ಬಂಡೆದ್ದಿದ್ದಾರೆ. ಗೂಗಲ್ ಡ್ರೈವ್ ಬಳಕೆದಾರರಿಗೆ ಚಿತ್ರಗಳನ್ನು ಒದಗಿಸುವ ಒಪ್ಪಂದವನ್ನು ಗೆಟ್ಟಿ ಮಾಡಿಕೊಂಡಾಗ, 2013ರ ಫೆಬ್ರುವರಿಯಲ್ಲಿ ಐಸ್ಟಾಕ್ ಸದಸ್ಯರು ತಮ್ಮ ಸಾವಿರಾರು ಚಿತ್ರಗಳನ್ನು ಹಿಂತೆಗೆದುಕೊಂಡರು. 2020ರ ಜೂನ್‌ನಲ್ಲಿ ಶಟರ್‌ಸ್ಟಾಕ್ ಪಾಲನ್ನು ಶೇ. 15ರಿಂದ 40ರವರೆಗಿನ ಮೆಟ್ಟಿಲುಗಳಾಗಿ ಬದಲಿಸಿ, ಪ್ರತಿ ಜನವರಿಯಲ್ಲಿ ಎಲ್ಲರೂ ಕೆಳಗಿನ ಮೆಟ್ಟಿಲಿನಿಂದಲೇ ಮತ್ತೆ ಶುರುಮಾಡಬೇಕೆಂದಿತು. ಕನಿಷ್ಠ ಗಳಿಕೆ ಹತ್ತು ಸೆಂಟಿಗೆ ಇಳಿಯಿತು. ಪ್ರತಿಭಟನೆ ಜೋರಾಗಿಯೇ ನಡೆಯಿತು, ನಿಯಮ ಹಾಗೇ ಉಳಿಯಿತು. ಸರಕು ಸಮುದ್ರದಷ್ಟಿರುವಾಗ ಒಬ್ಬ ಹೊರಟುಹೋದರೆ ಕೊಳ್ಳುವವನಿಗೆ ಗೊತ್ತೂ ಆಗುವುದಿಲ್ಲ.

ಪರವಾನಗಿಯ ಬಗೆಗಳು

ಹಳೆಯ ಕ್ರಮ 'ರೈಟ್ಸ್ ಮ್ಯಾನೇಜ್ಡ್'. ಎಲ್ಲಿ, ಎಷ್ಟು ದೊಡ್ಡದಾಗಿ, ಎಷ್ಟು ಪ್ರತಿ, ಎಷ್ಟು ಕಾಲ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಸ್ಪರ್ಧಿ ಕಂಪನಿ ಅದೇ ಚಿತ್ರ ಬಳಸದಂತೆ ತಡೆಯಲೂ ಬರುತ್ತದೆ. ಇದಕ್ಕೆ ಎದುರಾದ 'ರಾಯಲ್ಟಿ ಫ್ರೀ' ಕ್ರಮವನ್ನು ಜನಪ್ರಿಯಗೊಳಿಸಿದ್ದು 1991ರಲ್ಲಿ ಸಿಯಾಟಲ್‌ನಲ್ಲಿ ಆರಂಭವಾಗಿ ಸಿ.ಡಿ.ಗಳಲ್ಲಿ ಚಿತ್ರ ಮಾರಿದ ಫೋಟೊಡಿಸ್ಕ್: ಒಮ್ಮೆ ಹಣ ಕೊಟ್ಟವನು ಹಲವು ಸಲ ಬಳಸಿಕೊಳ್ಳಬಹುದು. ಮೈಕ್ರೋಸ್ಟಾಕ್ ಪೂರ್ತಿ ಇದರ ಮೇಲೆ ನಿಂತಿದೆ. ಟೀ ಶರ್ಟು, ಮಗ್ಗು ಮೊದಲಾದ ಮಾರಾಟದ ಸರಕಿನ ಮೇಲೆ ಅಚ್ಚು ಹಾಕಲು 'ಎಕ್ಸ್‌ಟೆಂಡೆಡ್' ಪರವಾನಗಿ ಬೇಕು. ಛಾಯಾಗ್ರಾಹಕನಿಗೆ ಡಾಲರುಗಳಲ್ಲಿ ಹಣ ಕಾಣುವುದು ಇಂಥ ಅಪರೂಪದ ಮಾರಾಟದಲ್ಲೇ. 2019ರಲ್ಲಿ ಗೆಟ್ಟಿ ತನ್ನ ಸೃಜನಶೀಲ ವಿಭಾಗದಲ್ಲಿ ರೈಟ್ಸ್ ಮ್ಯಾನೇಜ್ಡ್ ಕ್ರಮವನ್ನು ಕೈಬಿಡುವುದಾಗಿ ಘೋಷಿಸಿತು.

'ಎಡಿಟೋರಿಯಲ್' ಬೇರೆಯೇ ವರ್ಗ. ಸುದ್ದಿ, ಲೇಖನ, ಪಾಠಪುಸ್ತಕಕ್ಕೆ ಆ ಚಿತ್ರ ಸಲ್ಲುತ್ತದೆ, ಜಾಹೀರಾತಿಗೆ ಸಲ್ಲುವುದಿಲ್ಲ. ಮೈಸೂರಿನ ಜಂಬೂಸವಾರಿಯ ಚಿತ್ರವನ್ನು ದಸರೆಯ ಲೇಖನಕ್ಕೆ ಮಾರಬಹುದು. ಅದರಲ್ಲಿ ಮುಖ ಕಾಣುವ ಜನರ ಒಪ್ಪಿಗೆಯಿಲ್ಲದೆ ರೇಷ್ಮೆ ಸೀರೆಯ ಜಾಹೀರಾತಿಗೆ ಮಾರಲಾಗದು.

ಒಪ್ಪಿಗೆ, ಕಾನೂನು

ಜಾಹೀರಾತಿಗೆ ಹೋಗಬಹುದಾದ ಚಿತ್ರದಲ್ಲಿ ಗುರುತು ಸಿಗುವ ವ್ಯಕ್ತಿ ಇದ್ದರೆ 'ಮಾಡೆಲ್ ರಿಲೀಸ್' ಎಂಬ ಒಪ್ಪಿಗೆಪತ್ರ ಬೇಕೇ ಬೇಕು. ಮಕ್ಕಳಾದರೆ ತಂದೆತಾಯಿಯರ ಸಹಿ. ಮುಖಕ್ಕೆ ಬಣ್ಣ ಹಚ್ಚಿದ ಯಕ್ಷಗಾನ ಕಲಾವಿದನೂ ಗುರುತು ಸಿಗುವ ವ್ಯಕ್ತಿಯೇ. ಚಿಕ್ಕಮಗಳೂರಿನ ತೋಟದಲ್ಲಿ ಕಾಫಿ ಹಣ್ಣು ಕೊಯ್ಯುವ ಹೆಂಗಸಿನ ಮುಂದೆ ಇಂಗ್ಲಿಷಿನ ಕಾಗದ ಹಿಡಿದು ಸಹಿ ಹಾಕಿಸಿಕೊಂಡರೆ ಏಜೆನ್ಸಿಯ ಕಡತ ತುಂಬುತ್ತದೆ, ಒಪ್ಪಿಗೆ ಸಿಕ್ಕಂತಾಗುವುದಿಲ್ಲ. ಆಕೆಯ ಮುಖ ನಾಳೆ ಯಾವುದೋ ದೇಶದಲ್ಲಿ ಯಾವುದೋ ಔಷಧಿಯ ಜಾಹೀರಾತಿನಲ್ಲಿ ಬರಬಹುದು ಎಂಬುದನ್ನು ಕನ್ನಡದಲ್ಲಿ ಬಿಡಿಸಿ ಹೇಳಿ, ಒಂದಿಷ್ಟು ಹಣವನ್ನೂ ಕೊಡುವುದು ನ್ಯಾಯ. ಅನುಮತಿಯಿಲ್ಲದೆ ಒಬ್ಬರ ಹೆಸರನ್ನೋ ರೂಪವನ್ನೋ ಜಾಹೀರಾತಿಗೆ ಬಳಸುವುದು ಖಾಸಗಿತನದ ಉಲ್ಲಂಘನೆ ಎಂಬ ಮಾತು ಸುಪ್ರೀಂ ಕೋರ್ಟಿನ 1994ರ ಆರ್. ರಾಜಗೋಪಾಲ್ ಪ್ರಕರಣದ ತೀರ್ಪಿನಲ್ಲಿದೆ. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಛಾಯಾಚಿತ್ರವನ್ನು ಕಲಾಕೃತಿಗಳ ಸಾಲಿನಲ್ಲಿ ಸೇರಿಸಿದೆ. ನೋಂದಣಿ ಕಡ್ಡಾಯವಲ್ಲ, ಶಟರ್ ಒತ್ತಿದೊಡನೆ ಹಕ್ಕು ಹುಟ್ಟುತ್ತದೆ. ಮೊದಲು ಪ್ರಕಟಣೆಯಿಂದ 60 ವರ್ಷ ಎಂದಿದ್ದ ಅವಧಿ 2012ರ ತಿದ್ದುಪಡಿಯ ನಂತರ ಛಾಯಾಗ್ರಾಹಕನ ಜೀವಿತಾವಧಿ ಮತ್ತು ಅನಂತರದ 60 ವರ್ಷಕ್ಕೆ ವಿಸ್ತರಿಸಿತು. ಸ್ಟುಡಿಯೋ ನಡೆಸುವವರು ಮರೆಯುವ ಕಲಮು 17ನೆಯದು. ಹಣ ಪಡೆದು ಇನ್ನೊಬ್ಬರ ಕೋರಿಕೆಯ ಮೇಲೆ ತೆಗೆದ ಫೋಟೊದ ಮೊದಲ ಹಕ್ಕುದಾರ, ಬೇರೆ ಕರಾರಿಲ್ಲದಿದ್ದರೆ, ಹಣ ಕೊಟ್ಟವನು. ಮದುವೆಯ ಆಲ್ಬಮ್ಮಿನಿಂದ ಒಂದು ಚೆಂದದ ಚಿತ್ರವನ್ನು ಸ್ಟಾಕ್ ತಾಣಕ್ಕೆ ಏರಿಸುವವನು ಮಾರುತ್ತಿರುವುದು ತನ್ನದಲ್ಲದ ವಸ್ತುವನ್ನು.

ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನೆಲೆನಿಂತ ಶಿಲ್ಪದ ಚಿತ್ರ ತೆಗೆಯುವುದಕ್ಕೂ ಪ್ರಕಟಿಸುವುದಕ್ಕೂ 52ನೆಯ ಕಲಮು ಅವಕಾಶ ಕೊಟ್ಟಿದೆ. ಹಂಪಿಯ ಕಲ್ಲಿನ ರಥಕ್ಕಂತೂ ಕೃತಿಸ್ವಾಮ್ಯದ ತಕರಾರೇ ಇಲ್ಲ, ಆದರೆ ಸಂರಕ್ಷಿತ ಸ್ಮಾರಕದೊಳಗೆ ವಾಣಿಜ್ಯ ಚಿತ್ರೀಕರಣಕ್ಕೆ ಪುರಾತತ್ತ್ವ ಇಲಾಖೆಯ ಅನುಮತಿ ಬೇಕೆಂಬ ನಿಯಮ ಪ್ರತ್ಯೇಕವಾಗಿದೆ. ಕಟ್ಟಡಗಳ ವಿಷಯದಲ್ಲಿ ಜಗತ್ತು ಒಂದೇ ಸಮನಿಲ್ಲ. ಐಫೆಲ್ ಗೋಪುರವನ್ನು ಹಗಲು ತೆಗೆದು ಮಾರಬಹುದು; ರಾತ್ರಿಯ ದೀಪಾಲಂಕಾರಕ್ಕೆ ಕೃತಿಸ್ವಾಮ್ಯವಿರುವುದರಿಂದ ಏಜೆನ್ಸಿಗಳು ಆ ಚಿತ್ರವನ್ನು ಜಾಹೀರಾತಿಗೆಂದು ತೆಗೆದುಕೊಳ್ಳವು. ಮುಂಬಯಿಯ ತಾಜ್ ಮಹಲ್ ಪ್ಯಾಲೇಸ್ ಹೋಟೆಲು 2017ರಲ್ಲಿ ತನ್ನ ಕಟ್ಟಡದ ರೂಪವನ್ನೇ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿಕೊಂಡಿತು.

ಹುಡುಕಿಸಿಕೊಳ್ಳುವ ಕೆಲಸ

ತಾಂತ್ರಿಕ ಬೇಡಿಕೆಗಳು ಹೆಚ್ಚೇನಿಲ್ಲ. ಶಟರ್‌ಸ್ಟಾಕ್, ಅಡೋಬಿ ಎರಡಕ್ಕೂ ಕನಿಷ್ಠ 4 ಮೆಗಾಪಿಕ್ಸೆಲ್ ಸಾಕು, ಈಗಿನ ಮೊಬೈಲೇ ಅದಕ್ಕಿಂತ ಹೆಚ್ಚು ಕೊಡುತ್ತದೆ. ಫೋಕಸ್ ತಪ್ಪಿದ್ದರೆ, ಕತ್ತಲಲ್ಲಿ ಕಾಳುಕಾಳಾಗಿದ್ದರೆ, ಜಾಹೀರಾತಿಗೆಂದು ಕಳಿಸಿದ ಚಿತ್ರದಲ್ಲಿ ಕಂಪನಿಯ ಲೋಗೊ ಉಳಿದಿದ್ದರೆ ತಿರಸ್ಕಾರ ಖಚಿತ. ನಿಜವಾದ ದುಡಿಮೆ ಕೀವರ್ಡುಗಳದು. ಶಟರ್‌ಸ್ಟಾಕ್ ಒಂದು ಚಿತ್ರಕ್ಕೆ 7ರಿಂದ 50 ಪದ ಕೇಳುತ್ತದೆ. ಅಡೋಬಿಯಲ್ಲಿ ಮೊದಲು ಬರೆದ ಪದಗಳಿಗೆ ತೂಕ ಹೆಚ್ಚು. ಎಷ್ಟು ಒಳ್ಳೆಯ ಚಿತ್ರವಾದರೂ ಗಿರಾಕಿ ಬೆರಳಚ್ಚಿಸುವ ಪದ ಅದಕ್ಕೆ ಅಂಟಿರದಿದ್ದರೆ ಅದು ಇಲ್ಲದಂತೆಯೇ.

ಕರ್ನಾಟಕದ ಛಾಯಾಗ್ರಾಹಕನಿಗೆ ಇಲ್ಲಿ ಒಂದು ಅನುಕೂಲವಿದೆ, ಬಳಸಿಕೊಂಡರೆ. 2014ರ ನವೆಂಬರ್ 1ರಿಂದ ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಹುಡುಕುವವರಲ್ಲಿ ಬ್ಯಾಂಗಲೋರ್ ಎನ್ನುವವರೂ ಇದ್ದಾರೆ, ಬೆಂಗಳೂರು ಎನ್ನುವವರೂ ಇದ್ದಾರೆ. ಎರಡೂ ಕಾಗುಣಿತ ಹಾಕಬೇಕು. ಮುದ್ದೆಯ ಚಿತ್ರಕ್ಕೆ ರಾಗಿ ಮುದ್ದೆ ಎಂಬುದರ ಜೊತೆ ಫಿಂಗರ್ ಮಿಲ್ಲೆಟ್ ಎಂದೂ ಬರೆಯಬೇಕು, ಜರ್ಮನಿಯ ಅಡುಗೆ ಪತ್ರಿಕೆಯವನು ಹುಡುಕುವುದು ಅದನ್ನು. ನಮ್ಮ ರಾಜ್ಯಪಕ್ಷಿ ನೀಲಕಂಠದ ಚಿತ್ರಕ್ಕೆ ಇಂಡಿಯನ್ ರೋಲರ್ ಎಂಬ ಹೆಸರೂ ಕೊರೇಸಿಯಸ್ ಬೆಂಗಾಲೆನ್ಸಿಸ್ ಎಂಬ ವೈಜ್ಞಾನಿಕ ಹೆಸರೂ ಇರಲೇಬೇಕು. ಪಕ್ಷಿಗಳ ಪರಿಚಯ ಪುಸ್ತಕದ ಸಂಪಾದಕರು ಅದಿಲ್ಲದ ಚಿತ್ರವನ್ನು ನಂಬುವುದಿಲ್ಲ. ಯಕ್ಷಗಾನದ ಬಡಗುತಿಟ್ಟಿನ ವೇಷಕ್ಕೆ ಕಥಕಳಿ ಎಂದು ಬರೆದರೆ ನಾಲ್ಕು ಇಳಿಕೆ ಹೆಚ್ಚು ಸಿಗಬಹುದು, ಆದರೆ ತಪ್ಪು ಮಾಹಿತಿ ಆ ಚಿತ್ರ ಹೋದಲ್ಲೆಲ್ಲ ಹೋಗುತ್ತದೆ.

ಏನು ಮಾರಾಟವಾಗುತ್ತದೆ ಎಂಬುದು ಹೊಸಬರಿಗೆ ಆಘಾತ ಕೊಡುವ ವಿಷಯ. ಗೋಕರ್ಣದ ಸೂರ್ಯಾಸ್ತ, ಮಳೆಹನಿ ಹೊತ್ತ ಗುಲಾಬಿ ಮೊದಲಾದ, ಸ್ಪರ್ಧೆಗಳಲ್ಲಿ ಬಹುಮಾನ ಪಡೆಯುವ ವಸ್ತುಗಳು ಲಕ್ಷಗಟ್ಟಲೆ ಬಿದ್ದಿವೆ. ಬೇಡಿಕೆ ಇರುವುದು ಒಂದು ವಿಚಾರವನ್ನು ಹೇಳುವ ಚಿತ್ರಕ್ಕೆ: ತರಕಾರಿ ಅಂಗಡಿಯಲ್ಲಿ ಮೊಬೈಲಿನಿಂದ ಹಣ ಕೊಡುವ ಅಜ್ಜಿ, ವೈದ್ಯರ ಮುಂದೆ ವರದಿ ಹಿಡಿದು ಕೂತ ದಂಪತಿ, ಪಕ್ಕದಲ್ಲಿ ತಲೆಬರಹಕ್ಕೆ ಜಾಗ ಬಿಟ್ಟ ಹನಿ ನೀರಾವರಿಯ ಹೊಲ. ಭಾರತದ ಮುಖಗಳಿಗೆ ಪ್ರತ್ಯೇಕ ಗಿರಾಕಿಯಿದೆ ಎಂಬುದನ್ನು ಕಂಡುಕೊಂಡು 2006ರಲ್ಲಿ ಸಂದೀಪ್ ಮಹೇಶ್ವರಿ ದೆಹಲಿಯಲ್ಲಿ ಇಮೇಜಸ್‌ಬಜಾರ್ ಆರಂಭಿಸಿದರು. ಮುಂಬಯಿಯ ದಿನೋಡಿಯಾ ಏಜೆನ್ಸಿ ಅದಕ್ಕಿಂತ ಹಳೆಯದು. ಆದರೆ ಹಬ್ಬಿದ್ದೆಲ್ಲ ಮಾರಾಟವಾದಂತಲ್ಲ. ಸ್ಪೇನಿನ ಆಂಟೋನಿಯೊ ಗಿಯೆಮ್ 2015ರಲ್ಲಿ ತೆಗೆದ, ಗೆಳತಿಯ ಕೈ ಹಿಡಿದೇ ಇನ್ನೊಬ್ಬಳತ್ತ ತಿರುಗಿ ನೋಡುವ ಯುವಕನ ಚಿತ್ರ ಎರಡು ವರ್ಷದ ನಂತರ ಜಗತ್ತಿನಾದ್ಯಂತ ಮೀಮ್ ಆಯಿತು. ಅದನ್ನು ಹಂಚಿಕೊಂಡ ಕೋಟಿಗಟ್ಟಲೆ ಜನ ಪರವಾನಗಿ ಕೊಂಡವರಲ್ಲ.

ಪುಕ್ಕಟೆ ಚಿತ್ರ, ಕದ್ದ ಚಿತ್ರ

ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು 2002ರಲ್ಲಿ ಬಂದವು. 2004ರಲ್ಲಿ ಆರಂಭವಾದ ಫ್ಲಿಕರ್ ಅವನ್ನು ಛಾಯಾಗ್ರಾಹಕರ ಕೈಗೆ ಕೊಟ್ಟಿತು. ಹೆಸರು ಹಾಕಿದರೆ ಸಾಕು, ಬಳಸಿಕೊಳ್ಳಿ ಎನ್ನುವ ಉದಾರತೆ ಅದರಲ್ಲಿತ್ತು. 2013ರಲ್ಲಿ ಮಾಂಟ್ರಿಯಲ್‌ನಲ್ಲಿ ಹುಟ್ಟಿದ ಅನ್‌ಸ್ಪ್ಲಾಶ್ ಹೆಸರನ್ನೂ ಕಡ್ಡಾಯ ಮಾಡಲಿಲ್ಲ. ಪಿಕ್ಸಾಬೇ, ಪೆಕ್ಸೆಲ್ಸ್ ಕೂಡ ಹಾಗೆಯೇ. ಪುಕ್ಕಟೆ ಕೊಟ್ಟ ಚಿತ್ರಗಳ ಮೇಲೆ ಕಟ್ಟಿದ ಈ ತಾಣಗಳು ಕೊನೆಗೆ ಬಿಕರಿಯಾದವು: ಪಿಕ್ಸಾಬೇ, ಪೆಕ್ಸೆಲ್ಸ್ 2019ರಲ್ಲಿ ವಿನ್ಯಾಸ ತಾಣವಾದ ಕ್ಯಾನ್ವಾಗೆ, ಅನ್‌ಸ್ಪ್ಲಾಶ್ 2021ರಲ್ಲಿ ಗೆಟ್ಟಿಗೆ. ಚಿತ್ರ ಕೊಟ್ಟವರಿಗೆ ಆ ಹಣದಲ್ಲಿ ಪಾಲಿರಲಿಲ್ಲ.

ಅನುಮತಿಯಿಲ್ಲದ ಬಳಕೆಯನ್ನು ಪತ್ತೆಹಚ್ಚಲು 2008ರಲ್ಲಿ ಬಂದ ಟಿನ್‌ಐ, 2011ರಲ್ಲಿ ಬಂದ ಗೂಗಲ್ಲಿನ ಚಿತ್ರಶೋಧ ನೆರವಾದವು. ಚಿತ್ರದಿಂದಲೇ ಚಿತ್ರವನ್ನು ಹುಡುಕುವ ಸಾಧನಗಳಿವು. 2020ರಿಂದ ಗೂಗಲ್ ಫಲಿತಾಂಶಗಳಲ್ಲಿ ಪರವಾನಗಿ ಮಾಹಿತಿಯಿರುವ ಚಿತ್ರಕ್ಕೆ ಒಂದು ಗುರುತು ಕಾಣಿಸುತ್ತದೆ. ಕಡತದೊಳಗಿನ ಐಪಿಟಿಸಿ ಅಂಕಣಗಳಲ್ಲಿ ಹೆಸರು, ಪರವಾನಗಿಯ ವಿಳಾಸ ತುಂಬಿದವರಿಗೆ ಇದು ಖರ್ಚಿಲ್ಲದೆ ಸಿಗುವ ಲಾಭ. ಸಾಮಾಜಿಕ ಜಾಲತಾಣದಲ್ಲಿ ಹಾಕಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ ಎಂಬುದಕ್ಕೆ ಡೇನಿಯಲ್ ಮೊರೆಲ್ ಪ್ರಕರಣ ದೊಡ್ಡ ಆಧಾರ. 2010ರ ಹೈಟಿ ಭೂಕಂಪದ ದಿನ ಅವರು ಟ್ವಿಟರ್ ಮೂಲಕ ಹಂಚಿದ ಚಿತ್ರಗಳನ್ನು ಎಎಫ್‌ಪಿ ಸುದ್ದಿಸಂಸ್ಥೆಯೂ ಗೆಟ್ಟಿಯೂ ಅನುಮತಿಯಿಲ್ಲದೆ ವಿತರಿಸಿದ್ದವು. 2013ರಲ್ಲಿ ನ್ಯೂಯಾರ್ಕಿನ ಜ್ಯೂರಿ 12 ಲಕ್ಷ ಡಾಲರ್ ಪರಿಹಾರ ವಿಧಿಸಿತು.

ಏಜೆನ್ಸಿಯ ಹಂಗಿಲ್ಲದ ದಾರಿಯೂ ಇದೆ. ಸ್ಮಗ್‌ಮಗ್‌ನಂಥ ತಾಣಗಳಲ್ಲಿ ಸ್ವಂತ ಗ್ಯಾಲರಿ ತೆರೆದು ಮುದ್ರಿತ ಪ್ರತಿಗಳನ್ನು ಮಾರಬಹುದು, ಬೆಲೆ ನಾವೇ ಇಡಬಹುದು. ಗಿರಾಕಿಯನ್ನು ಕರೆತರುವ ಹೊಣೆಯೂ ಆಗ ನಮ್ಮದೇ.

ಹಣ ಕೈಸೇರುವ ಬಗೆ

ದೊಡ್ಡ ತಾಣಗಳ ಪಾವತಿ ಪೇಪಾಲ್ ಅಥವಾ ಪೇಯೋನೀರ್ ಮೂಲಕ ಬಂದು ರೂಪಾಯಿಯಾಗಿ ಬ್ಯಾಂಕು ಸೇರುತ್ತದೆ. ಕನಿಷ್ಠ ಮೊತ್ತ ಜಮೆಯಾಗುವ ತನಕ ಕಾಯಬೇಕು. ಅಡೋಬಿಯಲ್ಲಿ ಅದು 25 ಡಾಲರ್. ಅಮೆರಿಕದ ಕಂಪನಿಗಳು ಡಬ್ಲ್ಯು-8ಬೆನ್ ಎಂಬ ನಮೂನೆ ಕೇಳುತ್ತವೆ. ಅದರಲ್ಲಿ ಪ್ಯಾನ್ ಸಂಖ್ಯೆ ಕೊಟ್ಟು ಭಾರತ–ಅಮೆರಿಕ ತೆರಿಗೆ ಒಪ್ಪಂದವನ್ನು ನಮೂದಿಸಿದರೆ ಅಮೆರಿಕದಲ್ಲಿ ಹುಟ್ಟಿದ ಆದಾಯದ ಮೇಲೆ ಶೇ. 15ರಷ್ಟು ಮುರಿಯುತ್ತಾರೆ, ಬಿಟ್ಟರೆ ಶೇ. 30. ಹೀಗೆ ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿನ ಆದಾಯ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಲು ಅವಕಾಶವಿದೆ.

ಕೃತಕ ಬುದ್ಧಿಮತ್ತೆಯ ನಂತರ

2022ರಲ್ಲಿ ಪದ ಕೊಟ್ಟರೆ ಚಿತ್ರ ಕೊಡುವ ಯಂತ್ರಗಳು ಸಾರ್ವಜನಿಕರ ಕೈಗೆ ಬಂದವು. ಅವು ಕಲಿತದ್ದು ಅಂತರ್ಜಾಲದ ಚಿತ್ರಗಳಿಂದ, ಅವುಗಳಿಗೆ ಅಂಟಿಸಿದ್ದ ವಿವರಣೆಗಳಿಂದ. ಛಾಯಾಗ್ರಾಹಕರು ರಾತ್ರಿ ಕೂತು ಬರೆದ ಕೀವರ್ಡುಗಳು ಹೀಗೆ ಇನ್ನೊಂದು ಕೆಲಸಕ್ಕೆ ಬಂದವು. ಗೆಟ್ಟಿ ಆ ವರ್ಷ ಸೆಪ್ಟೆಂಬರಿನಲ್ಲಿ ಯಂತ್ರಚಿತ್ರಗಳನ್ನು ನಿಷೇಧಿಸಿ, 2023ರಲ್ಲಿ ಇಂಥ ಯಂತ್ರವೊಂದರ ಕಂಪನಿಯಾದ ಸ್ಟೆಬಿಲಿಟಿ ಎಐ ವಿರುದ್ಧ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ದಾವೆ ಹೂಡಿತು. ಯಂತ್ರ ಹೊರಹಾಕಿದ ಕೆಲವು ಚಿತ್ರಗಳಲ್ಲಿ ಗೆಟ್ಟಿಯ ವಾಟರ್‌ಮಾರ್ಕ್ ಕಲಸಿದಂತೆ ಮೂಡಿದ್ದು ವಾದಕ್ಕೆ ಸಿಕ್ಕ ಕುರುಹು. ಆದರೆ ತರಬೇತಿಯ ಕುರಿತ ಮುಖ್ಯ ಆಪಾದನೆಯನ್ನು ಲಂಡನ್ನಿನ ವಿಚಾರಣೆಯ ನಡುವೆ ಗೆಟ್ಟಿ ಕೈಬಿಟ್ಟಿತು. 2025ರ ನವೆಂಬರಿನ ತೀರ್ಪಿನಲ್ಲಿ ಅದು ಗೆದ್ದದ್ದು ಟ್ರೇಡ್‌ಮಾರ್ಕಿನ ಸಣ್ಣ ಅಂಶವೊಂದನ್ನು ಮಾತ್ರ.

ಶಟರ್‌ಸ್ಟಾಕ್ ಜಗಳಕ್ಕೆ ಹೋಗದೆ ಓಪನ್ಎಐ ಮೊದಲಾದವರಿಗೆ ಚಿತ್ರಗಳನ್ನು ತರಬೇತಿಗೆಂದು ಮಾರಿ, ಬಂದುದರಲ್ಲಿ ಒಂದು ಪಾಲನ್ನು ಛಾಯಾಗ್ರಾಹಕರಿಗೆ ಹಂಚುವ ನಿಧಿ ಮಾಡಿತು. ಅಡೋಬಿ ತನ್ನ ಫೈರ್‌ಫ್ಲೈ ಯಂತ್ರವನ್ನು ಅಡೋಬಿ ಸ್ಟಾಕ್ ಚಿತ್ರಗಳ ಮೇಲೆ ತರಬೇತುಗೊಳಿಸಿ 2023ರಲ್ಲಿ ಆ ಚಿತ್ರಗಳನ್ನು ಕೊಟ್ಟವರಿಗೆ ಬೋನಸ್ ಕೊಟ್ಟಿತು. ಗುರುತು ಹಾಕಿದ ಯಂತ್ರಚಿತ್ರಗಳನ್ನು ಮಾರಾಟಕ್ಕೂ ಸ್ವೀಕರಿಸಿತು. 2025ರ ಜನವರಿಯಲ್ಲಿ ಗೆಟ್ಟಿ, ಶಟರ್‌ಸ್ಟಾಕ್ ಒಂದಾಗುವುದಾಗಿ ಘೋಷಿಸಿದವು.

ಕೈಕುಲುಕುವ ಸೂಟುಧಾರಿಗಳು, ಲ್ಯಾಪ್‌ಟಾಪ್ ಮುಂದೆ ನಗುವ ಯುವತಿ ಮೊದಲಾದ ಚಿತ್ರಗಳನ್ನು ಯಂತ್ರ ಸರಾಗವಾಗಿ ಮಾಡಿಕೊಡುತ್ತದೆ. ಮೈಕ್ರೋಸ್ಟಾಕಿನ ಅನ್ನ ಇದ್ದದ್ದು ಅವುಗಳಲ್ಲೇ. ಎಡಿಟೋರಿಯಲ್ ವಿಭಾಗಕ್ಕೆ ಮಾತ್ರ ದೊಡ್ಡ ಏಜೆನ್ಸಿಗಳು ಯಂತ್ರಚಿತ್ರವನ್ನು ಬಿಟ್ಟುಕೊಳ್ಳುತ್ತಿಲ್ಲ. ಇಂಥ ದಿನ, ಇಂಥ ಊರಿನಲ್ಲಿ, ಇಂಥವರು ನಿಂತು ತೆಗೆದದ್ದು ಎಂಬ ಖಾತರಿಗೆ ಅಲ್ಲಿ ಬೆಲೆಯಿದೆ. ಆ ಖಾತರಿಯನ್ನು ಕ್ಯಾಮೆರಾದೊಳಗೇ ಚಿತ್ರಕ್ಕೆ ಡಿಜಿಟಲ್ ಮುದ್ರೆಯಾಗಿ ಒತ್ತುವ ವ್ಯವಸ್ಥೆಯೊಡನೆ 2023ರ ಅಕ್ಟೋಬರಿನಲ್ಲಿ ಲೈಕಾ ಎಂ11-ಪಿ ಮಾರುಕಟ್ಟೆಗೆ ಬಂತು.